ಹಾಡಿನ ಜೊತೆ ಕರೆಯದೆ ಬಂದ ಶ್ರುತಿ

ಕಾರಿನ ಸ್ಟೀರಿಯೋ ಗುಂಯ್‌ಗುಟ್ಟಿದರೆ ತಪ್ಪು ಸ್ಟೀರಿಯೋದ್ದೇ ಆಗಿರಬೇಕಿಲ್ಲ. ಹೈಸ್ಕೂಲಿನ ಭೌತಶಾಸ್ತ್ರ ನೆನಪಿದ್ದರೆ ಕಳ್ಳನನ್ನು ಮನೆಯಂಗಳದಲ್ಲೇ ಹಿಡಿಯಬಹುದು.

ಕಾರು ನಿಂತಿದ್ದಾಗ ಹಾಡು ಸೊಗಸಾಗಿ ಕೇಳುತ್ತದೆ. ಇಂಜಿನ್ ಚಾಲೂ ಮಾಡಿದ್ದೇ ತಡ, ಹಾಡಿನ ಹಿಂದೆ 'ಗುಂಯ್' ಎಂಬ ಸಣ್ಣ ದನಿ ಸೇರಿಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದಂತೆಲ್ಲ ಆ ದನಿ ಏರುತ್ತದೆ, ಕಾಲು ತೆಗೆದರೆ ಇಳಿಯುತ್ತದೆ. ತಂಬೂರಿಯ ಶ್ರುತಿಯಾದರೂ ಒಂದೇ ಕಡೆ ನಿಲ್ಲುತ್ತದೆ. ಇದು ಗೇರು ಬದಲಾದಾಗಲೆಲ್ಲ ಬದಲಾಗುವ ಶ್ರುತಿ! ಅಂಗಡಿಗೆ ಹೋದರೆ "ಸೆಟ್ ಹಳೇದಾಯ್ತು, ಬದಲಾಯಿಸಿಬಿಡಿ" ಎಂಬ ಸಲಹೆ ಸಿಗುವುದುಂಟು. ಸಾವಿರಾರು ರೂಪಾಯಿ ಕೊಟ್ಟು ಹೊಸ ಸೆಟ್ ಕೂರಿಸಿದ ಮೇಲೂ ಅದೇ ಗುಂಯ್ ಕೇಳಿಸಿದರೆ ಆಶ್ಚರ್ಯಪಡಬೇಕಿಲ್ಲ. ಇಂಜಿನ್ನಿನ ವೇಗದೊಂದಿಗೆ ಏರಿಳಿಯುವ ಸದ್ದು ಹುಟ್ಟುವುದು ಸ್ಟೀರಿಯೋದಲ್ಲಲ್ಲ, ಬಾನೆಟ್ಟಿನ ಕೆಳಗೆ.

ಗುಂಯ್ ಎನ್ನುವುದೇಕೆ?

ಇಂಜಿನ್ ತಿರುಗುವಾಗ ಒಂದು ಬೆಲ್ಟು ಆಲ್ಟರ್ನೇಟರನ್ನೂ ತಿರುಗಿಸುತ್ತದೆ. ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ಇಂದಿಗೂ 'ಡೈನಮೋ'. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದಕ್ಕೆ ಆಧಾರ: ತಂತಿಸುರುಳಿಯ ಬಳಿ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಹೀಗೆ ಹುಟ್ಟುವುದು ಪರ್ಯಾಯ ವಿದ್ಯುತ್, ಅಂದರೆ ಎಸಿ. ಬ್ಯಾಟರಿಗೆ ಬೇಕಾದದ್ದು ಡಿಸಿ. ಆದ್ದರಿಂದ ಆಲ್ಟರ್ನೇಟರಿನೊಳಗಿರುವ ಡಯೋಡುಗಳು ಎಸಿಯನ್ನು ಡಿಸಿಯಾಗಿ ಮಾರ್ಪಡಿಸುತ್ತವೆ. ಆದರೆ ಹೀಗೆ ದೊರೆತ ಡಿಸಿ ಕೆರೆಯ ನೀರಿನಂತೆ ನಿಶ್ಚಲವಲ್ಲ. ಅದರ ಮೇಲೆ ಸಣ್ಣ ಅಲೆಗಳು ಉಳಿದೇ ಇರುತ್ತವೆ.

ಒಂದು ಲೆಕ್ಕ ಮಾಡಿ ನೋಡೋಣ. ಹನ್ನೆರಡು ಕಾಂತಧ್ರುವಗಳಿರುವ, ಮೂರು ಫೇಸಿನ ಆಲ್ಟರ್ನೇಟರು ಒಂದು ಸುತ್ತಿಗೆ 36 ಅಲೆಗಳನ್ನು ಎಬ್ಬಿಸುತ್ತದೆ. ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದು, ಆಲ್ಟರ್ನೇಟರು ಅದರ ಎರಡೂವರೆ ಪಟ್ಟು ತಿರುಗಿದರೆ ನಿಮಿಷಕ್ಕೆ 2000 ಸುತ್ತು. ಅಂದರೆ ಸೆಕೆಂಡಿಗೆ ಸುಮಾರು 33 ಸುತ್ತು, 1200 ಅಲೆ. ಇಂಜಿನ್ನಿನ ವೇಗ ಮೂರು ಪಟ್ಟಾದರೆ 3600 ಅಲೆ. ಮನುಷ್ಯನ ಕಿವಿ ಬಹಳ ಚುರುಕಾಗಿ ಗುರುತಿಸುವ ಕಂಪನಾಂಕಗಳೇ ಇವು! ಆಕ್ಸಿಲರೇಟರಿನೊಂದಿಗೆ ದನಿ ಏರುವ ಗುಟ್ಟು ಇಷ್ಟೇ.

ಭೂಮಿಗೆ ತಾಗದ 'ಅರ್ತ್'

ಅಲೆ ಎಲ್ಲ ಕಾರುಗಳಲ್ಲೂ ಇದೆ. ಹಾಗಿದ್ದರೆ ಕೆಲವು ಕಾರುಗಳಲ್ಲಿ ಮಾತ್ರ ಅದು ಹಾಡಿನೊಳಕ್ಕೆ ನುಗ್ಗುವುದೇಕೆ? ಉತ್ತರ ಅನೇಕ ಬಾರಿ ಒಂದು ಸಡಿಲ ಬೋಲ್ಟಿನಲ್ಲಿರುತ್ತದೆ.

ಕಾರಿನಲ್ಲಿ ಪ್ರತಿ ಉಪಕರಣಕ್ಕೂ ಎರಡೆರಡು ತಂತಿ ಎಳೆಯುವುದಿಲ್ಲ. ಬ್ಯಾಟರಿಯ ಪಾಸಿಟಿವ್‌ನಿಂದ ತಂತಿಯಲ್ಲಿ ಬಂದ ವಿದ್ಯುತ್ತು ಕಬ್ಬಿಣದ ಬಾಡಿಯ ಮೂಲಕ ನೆಗೆಟಿವ್‌ಗೆ ಹಿಂದಿರುಗುತ್ತದೆ. ಇದನ್ನೇ ಅರ್ತ್ ಎನ್ನುವುದು. ಮುಂದಿನ ಸೆಟ್ ಒಂದು ಕಡೆ, ಡಿಕ್ಕಿಯಲ್ಲಿರುವ ಆಂಪ್ಲಿಫೈಯರ್ ಇನ್ನೊಂದು ಕಡೆ ಬಾಡಿಗೆ ಅರ್ತ್ ಆಗಿವೆ ಎನ್ನಿ. ಈ ಎರಡು ಜಾಗಗಳ ನಡುವೆ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ರೋಧವಿದ್ದು, 20 ಆಂಪಿಯರ್ ಹರಿದರೆ ಓಮ್‌ನ ನಿಯಮದಂತೆ 0.2 ವೋಲ್ಟ್ ವ್ಯತ್ಯಾಸ ಉಂಟಾಗುತ್ತದೆ. ಸೆಟ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ಹಾಡಿನ ಸಂಕೇತವೇ ಒಂದೆರಡು ವೋಲ್ಟಿನದು. ಆ ವ್ಯತ್ಯಾಸದಲ್ಲಿ ಆಲ್ಟರ್ನೇಟರಿನ ಅಲೆ ಸ್ವಲ್ಪವೇ ಬೆರೆತಿದ್ದರೂ ಆಂಪ್ಲಿಫೈಯರ್ ಅದನ್ನೂ ಹಾಡೆಂದೇ ತಿಳಿದು ದೊಡ್ಡದು ಮಾಡುತ್ತದೆ. ಇದಕ್ಕೆ 'ಗ್ರೌಂಡ್ ಲೂಪ್' ಎಂದು ಹೆಸರು.

ಟಿಕ್ ಟಿಕ್ ಎಂದರೆ ಬೇರೆ ಕಥೆ

ಕೆಲವು ಪೆಟ್ರೋಲ್ ಕಾರುಗಳಲ್ಲಿ ಗುಂಯ್ ಬದಲು 'ಟಿಕ್ ಟಿಕ್' ಕೇಳಿಸುತ್ತದೆ. ಇದು ಸ್ಪಾರ್ಕ್ ಪ್ಲಗ್‌ನ ಕೆಲಸ. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 900 ಸುತ್ತು ತಿರುಗಿದರೆ ಸೆಕೆಂಡಿಗೆ 30 ಕಿಡಿ ಹಾರುತ್ತವೆ. ಜರ್ಮನಿಯ ಹೈನ್‌ರಿಶ್ ಹರ್ಟ್ಸ್ 1887-88ರಲ್ಲಿ ರೇಡಿಯೋ ಅಲೆಗಳಿರುವುದನ್ನು ಪ್ರಯೋಗದಿಂದ ತೋರಿಸಿಕೊಟ್ಟದ್ದು ಇಂಥ ಕಿಡಿಗಳಿಂದಲೇ. ಅಂದ ಮೇಲೆ ಪ್ರತಿಯೊಂದು ಪೆಟ್ರೋಲ್ ಇಂಜಿನ್ನೂ ಒಂದು ಪುಟ್ಟ ರೇಡಿಯೋ ಕೇಂದ್ರ!

1930ರಲ್ಲಿ ಅಮೆರಿಕದ ಪಾಲ್ ಗ್ಯಾಲ್ವಿನ್ ಅವರ ಕಂಪನಿ 'ಮೋಟರೋಲಾ' ಎಂಬ ಕಾರ್ ರೇಡಿಯೋ ತಂದಾಗ ಎದುರಿಸಿದ ತೊಡಕುಗಳಲ್ಲಿ ಈ ಕಿಡಿಗಳ ಗದ್ದಲವೂ ಒಂದು. ಮುಂದೆ ಆ ಹೆಸರೇ ಕಂಪನಿಯ ಹೆಸರಾಯಿತು. ಈಗ ಪ್ಲಗ್ಗಿನೊಳಗೇ ಒಂದು ರೋಧಕವಿಟ್ಟು ಗದ್ದಲವನ್ನು ಅಡಗಿಸುತ್ತಾರೆ. ರೋಧಕವಿಲ್ಲದ ಪ್ಲಗ್ ಹಾಕಿದರೆ ಅಥವಾ ಪ್ಲಗ್ ವೈರು ಬಿರುಕುಬಿಟ್ಟರೆ ಟಿಕ್ ಟಿಕ್ ಮರಳುತ್ತದೆ. ಎಎಂ ಪ್ರಸಾರದಲ್ಲಿ ಇದರ ಕಾಟ ಹೆಚ್ಚು, ಎಫ್‌ಎಂನಲ್ಲಿ ಕಡಿಮೆ.

ಪತ್ತೆ ಮಾಡುವ ಬಗೆ

ಇಲ್ಲಿ ಬೇಕಾದದ್ದು ತಾಳ್ಮೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕೇಳಿಸಿದ್ದನ್ನು ಬರೆದುಕೊಳ್ಳಬೇಕು.

ಮೊದಲು, ಇಂಜಿನ್ ಚಾಲೂ ಮಾಡದೆ ಬರೀ ಕೀಲಿ ತಿರುಗಿಸಿ ಸೆಟ್ ಹಚ್ಚಿ. ಆಗಲೂ ಸದ್ದಿದ್ದರೆ ಆಲ್ಟರ್ನೇಟರ್ ನಿರಪರಾಧಿ. ವೈಪರ್ ಅಥವಾ ಏಸಿ ಫ್ಯಾನ್ ಹಾಕಿದಾಗ ಮಾತ್ರ ಬಂದರೆ ಆ ಮೋಟರನ್ನು ನೋಡಬೇಕು.

ಎರಡನೆಯದು, ಸದ್ದು ರೇಡಿಯೋದಲ್ಲಿ ಮಾತ್ರವೇ, ಪೆನ್‌ಡ್ರೈವ್ ಹಾಕಿದಾಗಲೂ ಇದೆಯೇ? ರೇಡಿಯೋದಲ್ಲಿ ಮಾತ್ರವಿದ್ದರೆ ಅದು ಬರುತ್ತಿರುವುದು ಬಹುಶಃ ಆಂಟೆನಾ ದಾರಿಯಲ್ಲಿ. ಆಂಟೆನಾದ ಬುಡ ಬಾಡಿಗೆ ಸರಿಯಾಗಿ ಕೂತಿದೆಯೇ ಪರೀಕ್ಷಿಸಿ.

ಮೂರನೆಯದು, ವಾಲ್ಯೂಮ್ ತಗ್ಗಿಸಿ. ಸದ್ದೂ ತಗ್ಗಿದರೆ ಅದು ವಾಲ್ಯೂಮ್ ನಿಯಂತ್ರಣಕ್ಕೆ ಮುಂಚೆಯೇ ಸೇರಿದೆ. ತಗ್ಗದಿದ್ದರೆ ನಂತರ ಸೇರಿದೆ. ಈ ಒಂದೇ ಪರೀಕ್ಷೆ ಅರ್ಧ ಹುಡುಕಾಟವನ್ನು ಉಳಿಸುತ್ತದೆ.

ನಾಲ್ಕನೆಯದು, ಫೋನನ್ನು ವೈರಿನಲ್ಲಿ ಸೆಟ್‌ಗೆ ಜೋಡಿಸಿ, ಅದೇ ಫೋನಿಗೆ ಕಾರಿನ ಚಾರ್ಜರನ್ನೂ ಹಾಕಿದ್ದರೆ ಚಾರ್ಜರ್ ಕಿತ್ತು ನೋಡಿ. ಸದ್ದು ತಟ್ಟನೆ ನಿಂತರೆ ಅಲ್ಲೇ ಗ್ರೌಂಡ್ ಲೂಪ್ ಇತ್ತೆಂದು ಅರ್ಥ.

ಐದನೆಯದು, ಪ್ರತ್ಯೇಕ ಆಂಪ್ಲಿಫೈಯರ್ ಇದ್ದರೆ ಸೆಟ್ ಆರಿಸಿ ಹಾಡಿನ ಕೇಬಲ್ ಕಿತ್ತು ಮತ್ತೆ ಹಚ್ಚಿ. ಸದ್ದು ಹೋದರೆ ಅದು ಕೇಬಲ್ ಅಥವಾ ಸೆಟ್ ಕಡೆಯಿಂದ ಬರುತ್ತಿತ್ತು; ಹೋಗದಿದ್ದರೆ ಆಂಪ್ಲಿಫೈಯರಿನ ವಿದ್ಯುತ್ ಅಥವಾ ಅರ್ತ್ ವೈರಿನಿಂದ.

ಮದ್ದು ಅಗ್ಗದ್ದೇ

ಅರ್ತ್ ಕೂರುವ ಜಾಗದಲ್ಲಿ ಬಣ್ಣವನ್ನೂ ತುಕ್ಕನ್ನೂ ಸ್ಯಾಂಡ್ ಪೇಪರಿನಿಂದ ಉಜ್ಜಿ, ಹೊಳೆಯುವ ಲೋಹಕ್ಕೆ ಬೋಲ್ಟು ಬಿಗಿಯಬೇಕು. ಬಣ್ಣ ವಿದ್ಯುತ್ತನ್ನು ಸಾಗಿಸುವುದಿಲ್ಲ. ಅರ್ತ್ ವೈರು ದಪ್ಪಗಿರಲಿ, ಆದಷ್ಟು ಗಿಡ್ಡಗಿರಲಿ. ಬ್ಯಾಟರಿಯಿಂದ ಬರುವ ವೈರು ಕಾರಿನ ಒಂದು ಬದಿಯಲ್ಲಿ, ಹಾಡಿನ ಕೇಬಲ್ ಇನ್ನೊಂದು ಬದಿಯಲ್ಲಿ ಹಾಯಲಿ. ದಾಟಲೇಬೇಕಾದರೆ ಲಂಬಕೋನದಲ್ಲಿ ದಾಟಿಸಿ. ಇಷ್ಟಾದರೂ ಹೋಗದಿದ್ದರೆ ಮಾತ್ರ ಫಿಲ್ಟರ್ ಕೊಳ್ಳುವ ಮಾತು.

ಮಲ್ಟಿಮೀಟರ್ ಇದ್ದವರು ಬ್ಯಾಟರಿಯನ್ನೂ ಅಳೆಯಬಹುದು. ಇಂಜಿನ್ ಆರಿಸಿದ್ದಾಗ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರುತ್ತದೆ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಇದನ್ನು ಹೆಚ್ಚುಕಡಿಮೆ ಮಾಡುವುದುಂಟು. ಇಂಜಿನ್ ಓಡುವಾಗ ಮೀಟರನ್ನು ಎಸಿಗೆ ತಿರುಗಿಸಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿತೇ? ಹಾಗಾದರೆ ಆಲ್ಟರ್ನೇಟರಿನ ಡಯೋಡು ಕೆಟ್ಟಿರುವ ಸಂಭವವಿದೆ. ಇದನ್ನು ಕಡೆಗಣಿಸಿದರೆ ಇಂದು ಸ್ಪೀಕರಿನಲ್ಲಿ ಕೇಳಿಸಿದ ಗುಂಯ್, ನಾಳೆ ಬ್ಯಾಟರಿ ಇಳಿದು ಕಾರನ್ನು ನಡುರಸ್ತೆಯಲ್ಲಿ ನಿಲ್ಲಿಸಬಹುದು.

ಹೆತ್ತವರ ಗಮನಕ್ಕೆ

ಮಕ್ಕಳು ಈ ಪರೀಕ್ಷೆಗಳನ್ನು ಮಾಡುವಾಗ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಕಾರು ಬಯಲಿನಲ್ಲಿರಲಿ, ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಸೇರಿ ಪ್ರಾಣಕ್ಕೇ ಕುತ್ತು. ಗೇರು ನ್ಯೂಟ್ರಲ್‌ನಲ್ಲಿದ್ದು ಹ್ಯಾಂಡ್‌ಬ್ರೇಕ್ ಹಾಕಿರಬೇಕು. ದುಪಟ್ಟಾ, ಸಡಿಲ ತೋಳು, ಬಿಚ್ಚಿದ ಜಡೆ ಬೆಲ್ಟಿನ ಬಳಿ ಹೋಗಕೂಡದು. ಇಂಜಿನ್ ಓಡುವಾಗ ಬ್ಯಾಟರಿಯ ತಂತಿಯನ್ನು ಎಂದೂ ಕೀಳಬಾರದು. ವೋಲ್ಟೇಜು ಒಮ್ಮೆಲೇ ಜಿಗಿದು ಕಾರಿನ ಕಂಪ್ಯೂಟರನ್ನೇ ಸುಡಬಹುದು. ಏರ್‌ಬ್ಯಾಗಿನ ವೈರುಗಳನ್ನು ಮುಟ್ಟಲೇಬಾರದು. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೋಗುವ ವೈರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಅದಿಲ್ಲದೆ ವೈರು ಬಾಡಿಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಗ್ಯಾರಂಟಿ ಮುಗಿಯದ ಕಾರಾದರೆ ಕಂಪನಿಯ ವರ್ಕ್‌ಶಾಪಿಗೇ ಒಯ್ಯುವುದು ಲೇಸು.

ಕೈಯಿಂದ ರಿಪೇರಿ ಮಾಡಲಾಗದಿದ್ದರೂ ಬರೆದಿಟ್ಟ ಆ ಒಂದು ಪುಟ ವ್ಯರ್ಥವಲ್ಲ. "ಸದ್ದು ಬರುತ್ತಿದೆ" ಎನ್ನುವ ಬದಲು "ಇಂಜಿನ್ ಓಡುವಾಗ ಮಾತ್ರ, ವಾಲ್ಯೂಮ್ ತಗ್ಗಿಸಿದರೂ ತಗ್ಗುವುದಿಲ್ಲ, ಕೇಬಲ್ ಕಿತ್ತರೂ ಇದೆ" ಎಂದರೆ ಎಲೆಕ್ಟ್ರಿಷಿಯನ್ ನೇರವಾಗಿ ಆಂಪ್ಲಿಫೈಯರಿನ ಅರ್ತ್ ಬೋಲ್ಟಿಗೇ ಕೈ ಹಾಕುತ್ತಾನೆ. ಹೊಸ ಸೆಟ್ಟಿನ ಹಣ ಜೇಬಿನಲ್ಲೇ ಉಳಿಯುತ್ತದೆ. ಓಮ್‌ನ ನಿಯಮ ಪರೀಕ್ಷೆಯ ಅಂಕಕ್ಕಷ್ಟೇ ಅಲ್ಲ ಎಂಬುದು ಮಕ್ಕಳಿಗೂ ಮನವರಿಕೆಯಾಗುತ್ತದೆ.