ಮಾಯಾ ಚಿತ್ರಿತ ಪಾತ್ರೆಗಳ ಅಂಚುಬರಹ: ವ್ಯಾಕರಣ ತಿಳಿಸುವುದು ಮತ್ತು ತಿಳಿಸದಿರುವುದು

ಮಾಯಾ ನಾಗರಿಕತೆಯ ಅಭಿಜಾತ ಯುಗದ (ಸುಮಾರು ಕ್ರಿ.ಶ. 250–900) ಅನೇಕ ಚಿತ್ರಿತ ಪಾತ್ರೆಗಳ ಬಾಯಂಚಿನಲ್ಲಿ ಒಂದೇ ಬಗೆಯ ಬರಹವು ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ಮರುಕಳಿಸುತ್ತದೆ. ಮೈಕೆಲ್ ಕೋ 1973ರಲ್ಲಿ ಈ ಕ್ರಮವನ್ನು ಗುರುತಿಸಿದರು. ಇಂತಹ ಪಾತ್ರೆಗಳನ್ನು ಸಮಾಧಿಗಳಲ್ಲಿ ಇರಿಸುತ್ತಿದ್ದುದರಿಂದ, ಇದು ಮೃತರಿಗಾಗಿ ಪಠಿಸುವ ಸ್ತೋತ್ರವಿರಬೇಕೆಂದು ಅವರು ಊಹಿಸಿದರು. ಆ ಊಹೆಯನ್ನು ವ್ಯಾಕರಣವು ಹೇಗೆ ಬದಲಿಸಿತು, ಅದು ತಿಳಿಸಲಾರದ್ದೇನು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಡೇವಿಡ್ ಸ್ಟುವರ್ಟ್, ಸ್ಟೀಫನ್ ಹೂಸ್ಟನ್, ಕಾರ್ಲ್ ಟೌಬೆ ಮೊದಲಾದವರು 1980ರ ದಶಕದಲ್ಲಿ ಈ ಬರಹದ ಘಟಕಗಳನ್ನು ಓದಿದರು. ‘ಯು-ಕಿ-ಬಿ’ ಎಂಬ ಮೂರು ಅಕ್ಷರಚಿಹ್ನೆಗಳನ್ನು ಕೊನೆಯ ಸ್ವರವನ್ನು ಬಿಟ್ಟು ‘ಯುಕಿಬ್’ ಎಂದು ಓದಬೇಕು. ಇಲ್ಲಿನ ಕಕಾರವು ಎಜೆಕ್ಟಿವ್ ಧ್ವನಿ. ‘ಉಕ್’ ಎಂಬುದು ‘ಕುಡಿ’ ಎಂಬರ್ಥದ ಧಾತು, ‘-ಇಬ್’ ಕರಣಾರ್ಥಕ ಪ್ರತ್ಯಯ, ‘ಯ್-’ ಸ್ವರದ ಮುಂದೆ ಬರುವ ಪ್ರಥಮಪುರುಷ ಸ್ವಾಮ್ಯಸೂಚಕ ಪೂರ್ವಪ್ರತ್ಯಯ. ವ್ಯಂಜನದ ಮುಂದೆ ಇದೇ ಪ್ರತ್ಯಯವು ‘ಉ-’ ಆಗುತ್ತದೆ: ‘ಉಲಕ್’ ಎಂದರೆ ‘ಅವರ ತಟ್ಟೆ’. ಹೀಗಾಗಿ ‘ಯುಕಿಬ್’ ಎಂದರೆ ‘ಅವರ ಕುಡಿಯುವ ಪಾತ್ರೆ’. ಸ್ತೋತ್ರವೆಂದುಕೊಂಡದ್ದು ಒಡೆತನದ ಬರಹವಾಯಿತು.

ಈ ಬರಹವು ಪಾತ್ರೆಯಲ್ಲಿ ತುಂಬುತ್ತಿದ್ದ ಪಾನೀಯವನ್ನೂ ಹೆಸರಿಸುತ್ತದೆ. ಗ್ವಾಟೆಮಾಲದ ರಿಯೋ ಅಸುಲ್‌ನ ಸಮಾಧಿಯೊಂದರಲ್ಲಿ 1984ರಲ್ಲಿ ದೊರೆತ ಪಾತ್ರೆಯ ಮೇಲೆ ಸ್ಟುವರ್ಟ್ ‘ಕಕಾವ್’ ಎಂಬ ಪದವನ್ನು ಓದಿದರು. ಒಳಗಿನ ಶೇಷದ ರಾಸಾಯನಿಕ ಪರೀಕ್ಷೆಯಲ್ಲಿ ಕೋಕೋದ ಘಟಕಗಳಾದ ಥಿಯೋಬ್ರೊಮಿನ್ ಮತ್ತು ಕೆಫೀನ್ ಕಂಡುಬಂದು ಆ ಓದು ದೃಢಪಟ್ಟಿತು. ಕೆಲವು ಪಾತ್ರೆಗಳಲ್ಲಿ ಕಲಾವಿದನ ಹೆಸರಿನ ಹಿಂದೆ ‘ಉ ತ್ಸೀಬ್’ ಎಂದಿದೆ. ‘ತ್ಸೀಬ್’ ಎಂಬುದು ಬರವಣಿಗೆ ಮತ್ತು ಚಿತ್ರಣ ಎರಡಕ್ಕೂ ಸಲ್ಲುವ ಪದ. ಕನ್ನಡದಲ್ಲಿ ‘ಬರೆ’ ಎಂಬ ಧಾತುವು ಪತ್ರಕ್ಕೂ ಚಿತ್ರಕ್ಕೂ ಸಲ್ಲುವುದರಿಂದ ಈ ಅರ್ಥವ್ಯಾಪ್ತಿ ನಮಗೆ ಅಪರಿಚಿತವಲ್ಲ.

ಆದರೆ ಸ್ವಾಮ್ಯಸೂಚಕ ಪ್ರತ್ಯಯವು ಪಾತ್ರೆಯನ್ನು ಯಾರಿಗಾಗಿ ಮಾಡಲಾಯಿತೆಂಬುದನ್ನು ಮಾತ್ರ ತಿಳಿಸುತ್ತದೆ; ಅದು ಕೊನೆಗೆ ಯಾರ ಕೈ ಸೇರಿತೆಂಬುದನ್ನು ತಿಳಿಸುವುದಿಲ್ಲ. ಬೆಲೀಜ್‌ನ ಬ್ಯುನಾವಿಸ್ಟಾ ಡೆಲ್ ಕಾಯೊದ ಸಮಾಧಿಯಲ್ಲಿ ದೊರೆತ ಪಾತ್ರೆಯೊಂದರ ಮೇಲೆ ನಾರಾಂಹೊ ನಗರದ ಅರಸನ ಹೆಸರಿದೆ. ಅದು ಆ ಅರಸನು ತನ್ನ ಅಧೀನದ ಕುಲೀನನಿಗೆ ನೀಡಿದ ಉಡುಗೊರೆಯಾಗಿರಬೇಕೆಂದು ವಿದ್ವಾಂಸರು ವಾದಿಸಲು ಸಾಧ್ಯವಾದದ್ದು, ಅದು ಉತ್ಖನನದಲ್ಲಿ ಸ್ವಸ್ಥಾನದಲ್ಲಿಯೇ ದೊರೆತುದರಿಂದ. ಸಮಾಧಿಗಳನ್ನು ದೋಚಿ ಮಾರಲಾದ ಅಸಂಖ್ಯ ಪಾತ್ರೆಗಳಲ್ಲಿ ‘ಯುಕಿಬ್’ ಇಂದಿಗೂ ಸ್ಪಷ್ಟವಾಗಿ ಓದಲು ಸಿಗುತ್ತದೆ. ಒಡೆಯನ ಹೆಸರು ಉಳಿದಿದೆ. ಆ ಹೆಸರನ್ನು ಹೊತ್ತ ಪಾತ್ರೆ ಬೆಸೆದಿದ್ದ ಸಂಬಂಧ ಮಾತ್ರ ಅಳಿದುಹೋಗಿದೆ.