ಹೊಸ ಮನೆಯಲ್ಲಿ ಬಿಡದ ಕೆಮ್ಮು, ತಲೆನೋವು

ಮುಂಗಾರು ಹಿಡಿಯಿತೆಂದರೆ ಸಕಲೇಶಪುರ, ಆಲೂರು ಕಡೆಯ ಮನೆಗಳ ಕಿಟಕಿಗಳು ಮುಚ್ಚುತ್ತವೆ. ತಿಂಗಳುಗಟ್ಟಲೆ ಒಳಗಿನ ಗಾಳಿ ಒಳಗೇ ಸುತ್ತುತ್ತದೆ. ಈ ಸಮಯದಲ್ಲಿ ಕಣ್ಣುರಿ, ಒಣಕೆಮ್ಮು, ತಲೆನೋವು ಬಂದರೆ ಎಲ್ಲರೂ ಹೇಳುವುದು ಥಂಡಿ ಎಂದೇ. ಬಹುಪಾಲು ಅದು ನಿಜವೂ ಹೌದು. ಆದರೆ ಹೊಸದಾಗಿ ಕಟ್ಟಿದ ಅಥವಾ ಒಳಭಾಗವನ್ನು ಹೊಸದು ಮಾಡಿಸಿದ ಮನೆಯಲ್ಲಿ ಈ ತೊಂದರೆ ವಾರಗಟ್ಟಲೆ ಬಿಡದಿದ್ದರೆ, ಮನೆಗೆ ಬಳಸಿದ ಸಾಮಗ್ರಿಯ ಕಡೆಗೂ ಗಮನ ಹರಿಸಬೇಕು.

ಅಮೆರಿಕದ ಪಾಠ

2004ರಿಂದ 2007ರ ನಡುವೆ, ಅದರಲ್ಲೂ 2005ರ ಕತ್ರಿನಾ ಚಂಡಮಾರುತದ ನಂತರ, ಅಮೆರಿಕದ ಫ್ಲಾರಿಡಾ, ಲೂಸಿಯಾನ ಮುಂತಾದ ರಾಜ್ಯಗಳ ಸಾವಿರಾರು ಮನೆಗಳ ಗೋಡೆಗಳಿಗೆ ಚೀನಾದಿಂದ ತರಿಸಿದ ಜಿಪ್ಸಂ ಬೋರ್ಡ್ ಬಳಸಲಾಯಿತು. ದೋಷವಿದ್ದ ಬೋರ್ಡುಗಳಿಂದ ಗಂಧಕದ ಅನಿಲಗಳು ಹೊರಟು ಕೊಳೆತ ಮೊಟ್ಟೆಯ ವಾಸನೆ ಹರಡಿತು. ತಾಮ್ರದ ತಂತಿಗಳು ಕಪ್ಪಾದವು, ಏರ್ ಕಂಡೀಷನರ್‌ಗಳು ಕೆಟ್ಟವು. ಮನೆಯವರಿಗೆ ಕಣ್ಣುರಿ, ತಲೆನೋವು, ಮೂಗಿನಲ್ಲಿ ರಕ್ತ, ಉಬ್ಬಸ ಕಾಣಿಸಿಕೊಂಡವು. ಹವೆಯಲ್ಲಿ ಶಾಖ, ತೇವ ಹೆಚ್ಚಿದಷ್ಟೂ ಅನಿಲವೂ ಹೆಚ್ಚುತ್ತಿತ್ತು.

ಮನೆಯವರು ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಈ ಮೊಕದ್ದಮೆಗಳನ್ನು ನ್ಯೂ ಆರ್ಲಿಯನ್ಸ್‌ನ ನ್ಯಾಯಾಧೀಶ ಎಲ್ಡನ್ ಫ್ಯಾಲನ್ ಅವರ ಮುಂದೆ ಒಟ್ಟುಗೂಡಿಸಲಾಯಿತು. 2010ರಲ್ಲಿ ವರ್ಜೀನಿಯಾದ ಏಳು ಕುಟುಂಬಗಳಿಗೆ ಸುಮಾರು 26 ಲಕ್ಷ ಡಾಲರ್ ಪರಿಹಾರದ ತೀರ್ಪು ಬಂತು. ತಯಾರಕ ಕಂಪನಿಗಳಲ್ಲಿ ಕ್ನಾಫ್ 2011ರಲ್ಲಿ ರಾಜಿಗೆ ಬಂದರೆ, ತೈಶಾನ್ 24.8 ಕೋಟಿ ಡಾಲರ್ ಕೊಡಲು ಒಪ್ಪಿದ್ದು 2019ರಲ್ಲಿ.

ವೈದ್ಯನಾಗಿ ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ. ಕಪ್ಪಾದ ತಂತಿಯನ್ನು ಯಾರಿಗಾದರೂ ತೋರಿಸಬಹುದು, ತಲೆನೋವನ್ನು ತೋರಿಸಲಾಗದು. ಗೋಡೆಗಾದ ನಷ್ಟಕ್ಕಿಂತ ದೇಹಕ್ಕಾದ ನಷ್ಟವನ್ನು ರುಜುವಾತುಪಡಿಸುವುದು ಕಷ್ಟ. ಅದಕ್ಕೆ ನೆರವಾಗುವುದು ಆಯಾ ದಿನವೇ ಬರೆದಿಟ್ಟ ದಾಖಲೆ.

ನಮ್ಮ ಮನೆಗಳಲ್ಲಿ

ನಮ್ಮಲ್ಲೂ ಈಗ ಜಿಪ್ಸಂ ಫಾಲ್ಸ್ ಸೀಲಿಂಗ್, ಪ್ಲೈವುಡ್, ಎಂಡಿಎಫ್ ಹಲಗೆಗಳ ಬಳಕೆ ಹೆಚ್ಚಿದೆ. ಹೊರದೇಶದ್ದೆಲ್ಲ ಕೆಟ್ಟದ್ದಲ್ಲ, ಸ್ವದೇಶಿಯೆಲ್ಲ ಒಳ್ಳೆಯದೂ ಅಲ್ಲ. ಹಲಗೆಗಳ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಕಣ್ಣು, ಮೂಗು, ಗಂಟಲನ್ನು ಕೆರಳಿಸುತ್ತದೆ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಆದರೂ ಮಲೆನಾಡಿನಲ್ಲಿ ಮೊದಲು ಅನುಮಾನಿಸಬೇಕಾದುದು ಸೋರುವ ಗೋಡೆಯ ಬೂಷ್ಟನ್ನು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟಾಗ ಅಥವಾ ಗ್ಯಾಸ್ ಗೀಸರ್ ಉರಿಯುವಾಗ ತಲೆನೋವು, ವಾಂತಿ, ತಲೆಸುತ್ತು ಬಂದರೆ ಅದು ಕಾರ್ಬನ್ ಮೊನಾಕ್ಸೈಡ್ ವಿಷವಿರಬಹುದು. ತಕ್ಷಣ ಹೊರಗೆ ಬಂದು ಆಸ್ಪತ್ರೆಗೆ ಹೋಗಿ.

ಏನು ಮಾಡಬೇಕು?

* ಊರಿಗೆ ಹೋದಾಗ ತೊಂದರೆ ಕಡಿಮೆಯಾಗಿ, ಮನೆಗೆ ಮರಳಿದ ಮೇಲೆ ಹೆಚ್ಚುವುದೇ? ಎರಡು ವಾರ ದಿನಾಂಕ ಹಾಕಿ ಬರೆದಿಡಿ.

* ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿ, ಚೀಟಿಗಳನ್ನು ಜೋಪಾನ ಮಾಡಿ. ಉಬ್ಬಸವಿರುವವರು, ಮಕ್ಕಳು, ಗರ್ಭಿಣಿಯರು ತಡಮಾಡಬಾರದು.

* ಮಳೆ ಬಿಟ್ಟಾಗಲೆಲ್ಲ ಕಿಟಕಿ ತೆರೆಯಿರಿ.

* ಸಾಮಗ್ರಿಯ ಬಿಲ್ಲು, ಹಲಗೆಯ ಹಿಂದಿನ ಮುದ್ರೆಯ ಫೋಟೋ, ಒಂದು ತುಂಡು ಮಾದರಿ ಇಟ್ಟುಕೊಳ್ಳಿ. ರಿಪೇರಿಗೆ ಮೊದಲೇ ಈ ಕೆಲಸ ಆಗಲಿ.

ಒಂದೇ ಸರಕಿನಿಂದ ಹಲವು ಮನೆಗಳಿಗೆ ತೊಂದರೆಯಾಗಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೇ ಕಲಮಿನಡಿ, ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಸಲ್ಲಿಸಬಹುದು. ಈ ಕಾಯ್ದೆಯಲ್ಲಿ ತಯಾರಕರಷ್ಟೇ ಅಲ್ಲ, ಆಮದು ಮಾಡಿದವರೂ ಮಾರಿದವರೂ ಹೊಣೆಯಾಗಬಹುದು. ದೂರಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಗಡುವಿದೆ. ಜಿಲ್ಲಾ ಆಯೋಗ ಹಾಸನದಲ್ಲಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಚಿಕಿತ್ಸೆಗೂ ನ್ಯಾಯಕ್ಕೂ ಬೇಕಾದುದು ಒಂದೇ ಪುಸ್ತಕ. ಕೆಮ್ಮು ಶುರುವಾದ ದಿನದಿಂದಲೇ ಅದನ್ನು ಬರೆಯತೊಡಗಿ.