ಊದಾ ಹೂವಿನ ಡುರಾಂಟ: ಬೆಳೆಸುವ ಕ್ರಮವೂ ವಹಿಸಬೇಕಾದ ಎಚ್ಚರಿಕೆಯೂ

ಮನೆಯ ಅಂಗಳಕ್ಕೂ ತೋಟದ ದಾರಿಗಳಿಗೂ ಶೋಭೆಯನ್ನುಂಟುಮಾಡುವ ಪೊದೆಗಿಡಗಳಲ್ಲಿ ಡುರಾಂಟವು ಒಂದಾಗಿರುವುದು. ಇದರ ಹೆಸರನ್ನು ಕೇಳಿದೊಡನೆ ‘ದುರಂತ’ವೆಂಬ ಶಬ್ದವು ನೆನಪಿಗೆ ಬರಬಹುದು, ಆದರೆ ಇವೆರಡಕ್ಕೂ ಸಂಬಂಧವಿಲ್ಲ. 16ನೆಯ ಶತಮಾನದಲ್ಲಿ ಇಟಲಿ ದೇಶದಲ್ಲಿದ್ದ ವೈದ್ಯನೂ ಸಸ್ಯಜ್ಞನೂ ಆದ ಕಾಸ್ತೋರೆ ದುರಾಂತೆ ಎಂಬಾತನ ಸ್ಮಾರಕವಾಗಿ ಈ ಹೆಸರು ಬಂದಿತು. ಗಿಡದ ತವರು ಅಮೆರಿಕಾ ಖಂಡದ ಉಷ್ಣಪ್ರದೇಶಗಳು.

ಲಕ್ಷಣ:— ಕತ್ತರಿಸದೆ ಬಿಟ್ಟರೆ ಇದು 15 ಅಡಿಗಳಿಗೂ ಮೇಲ್ಪಟ್ಟು ಬೆಳೆಯುವುದುಂಟು. ಕೆಲವು ಗಿಡಗಳಲ್ಲಿ ಎಲೆಯ ಬುಡದಲ್ಲಿ ಮುಳ್ಳುಗಳಿರುತ್ತವೆ. ಹೂಗಳು ಗೊಂಚಲುಗಳಾಗಿ ಬಾಗಿ ತೂಗುತ್ತವೆ. ಬಣ್ಣವು ತಿಳಿನೀಲಿಯಿಂದ ದಟ್ಟ ಊದಾವರೆಗೆ ಇರುವುದು. ದಟ್ಟ ಊದಾ ಎಸಳಿಗೆ ಬಿಳಿಯ ಅಂಚುಳ್ಳ ಜಾತಿಯು ಬಹು ಮನೋಹರವಾದುದು. ಜೇನುನೊಣಗಳೂ ಚಿಟ್ಟೆಗಳೂ ಈ ಹೂಗಳಿಗೆ ಬರುತ್ತವೆ. ಹೂ ಉದುರಿದ ಬಳಿಕ ಹೊಂಬಣ್ಣದ ಸಣ್ಣ ಹಣ್ಣುಗಳ ಗೊಂಚಲು ಕಾಣಿಸುವುದು.

ಭೂಮಿ ಮತ್ತು ಗೊಬ್ಬರ:— ನೀರು ನಿಲ್ಲದ ಯಾವ ಮಣ್ಣಾದರೂ ಆಗಬಹುದು. ನೆರಳಿನಲ್ಲಿ ಹೂ ಕಡಿಮೆಯಾಗುವುದರಿಂದ ಬಿಸಿಲು ಬೀಳುವ ಸ್ಥಳವನ್ನೇ ಆರಿಸತಕ್ಕದ್ದು. ಒಂದೂವರೆ ಅಡಿ ಉದ್ದಗಲ ಆಳದ ಗುಂಡಿಯನ್ನು ತೆಗೆದು, ಮೇಲ್ಮಣ್ಣಿನೊಡನೆ ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನು ಬೆರೆಸಿ ತುಂಬಬೇಕು.

ಸಸಿ ಮಾಡುವ ಕ್ರಮ:— ಬೀಜದಿಂದ ಎದ್ದ ಸಸಿಗಳು ತಾಯಿಗಿಡದ ಬಣ್ಣವನ್ನೇ ಕೊಡುವುವೆಂದು ನಂಬುವಂತಿಲ್ಲ. ಆದಕಾರಣ ಕಡ್ಡಿ ನೆಡುವುದೇ ಉತ್ತಮ. ಬಲಿತ ಕೊಂಬೆಯಿಂದ ಸೀಸದಕಡ್ಡಿಯ ಗಾತ್ರದ, 6ರಿಂದ 8 ಅಂಗುಲ ಉದ್ದದ ತುಂಡುಗಳನ್ನು ಕತ್ತರಿಸಿ, ಎರಡು ಗೆಣ್ಣುಗಳು ಮಣ್ಣಿನೊಳಗೆ ಇರುವಂತೆ ಮರಳು ಬೆರೆತ ಮಡಿಯಲ್ಲಿ ನೆಟ್ಟು, ನೆರಳು ಮಾಡಿ, ತೇವ ಆರದಂತೆ ನೋಡಿಕೊಳ್ಳಬೇಕು. ಬೇರು ಚೆನ್ನಾಗಿ ಬಿಟ್ಟ ಸಸಿಗಳನ್ನು ಮುಂಗಾರಿನಲ್ಲಿ ಗುಂಡಿಗೆ ವರ್ಗಾಯಿಸಬಹುದು. ಬೇಲಿಗಾದರೆ ಎರಡು ಅಡಿ, ಹೂವಿಗಾದರೆ ಐದು ಅಡಿ ಅಂತರವಿರಲಿ.

ಸವರುವಿಕೆ:— ಈ ಗಿಡವು ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವ ಸ್ವಭಾವದ್ದು. ತಿಂಗಳು ತಿಂಗಳೂ ಕತ್ತರಿಯಾಡಿಸಿದ ಬೇಲಿಯಲ್ಲಿ ಹೂ ಕಾಣದಿರುವುದಕ್ಕೆ ಇದೇ ಕಾರಣ. ಹೂವು ಬೇಕೆನ್ನುವವರು ಬೇಸಿಗೆಯ ಕೊನೆಯಲ್ಲಿ ಒಮ್ಮೆ ಚೆನ್ನಾಗಿ ಸವರಿ ಗೊಬ್ಬರ ಕೊಟ್ಟರೆ, ಮಳೆ ಬಿದ್ದೊಡನೆ ಚಿಗುರಿ ಗೊಂಚಲುಗಳು ಮೂಡುವುವು. ಬಿಳಿನೊಣವೋ ಹಿಟ್ಟುತಿಗಣೆಯೋ ಬಿದ್ದರೆ ಒಂದು ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆಯನ್ನೂ ಸ್ವಲ್ಪ ಸಾಬೂನನ್ನೂ ಕದಡಿ, ಸಂಜೆಯ ವೇಳೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಬೇಕು.

ಎಚ್ಚರಿಕೆ:— ಇದರ ಹಣ್ಣುಗಳೂ ಎಲೆಗಳೂ ವಿಷಯುಕ್ತವಾದುವು. ಹಕ್ಕಿಗಳು ಹಣ್ಣನ್ನು ತಿಂದರೂ ಅವಕ್ಕೆ ಬಾಧೆಯಾಗದು; ಇದನ್ನು ಕಂಡು ಮನುಷ್ಯರೂ ತಿನ್ನಬಹುದೆಂದು ಭಾವಿಸಕೂಡದು. ಅನ್ಯದೇಶಗಳಲ್ಲಿ ಇದನ್ನು ತಿಂದ ಮಕ್ಕಳು ಮೃತಪಟ್ಟದ್ದುಂಟು. ಆದುದರಿಂದ ಪಾಠಶಾಲೆ, ಅಂಗನವಾಡಿಗಳ ಆವರಣದಲ್ಲಿ ಇದನ್ನು ನೆಡಿಸಬಾರದು. ಸವರಿದ ಸೊಪ್ಪನ್ನು ದನಕರುಗಳ ಮುಂದೆ ಹಾಕಕೂಡದು. ಮಗುವು ಹಣ್ಣನ್ನು ತಿಂದದ್ದು ತಿಳಿದೊಡನೆ ಬಾಯಿಯನ್ನು ತೊಳೆದು, ವಾಂತಿ ಮಾಡಿಸುವ ಪ್ರಯತ್ನಕ್ಕೆ ಹೋಗದೆ, ಗಿಡದ ಒಂದು ರೆಂಬೆಯೊಡನೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನೊಂದು ಅಪಾಯವೂ ಉಂಟು. ಹಕ್ಕಿಗಳು ಬೀಜವನ್ನು ದೂರದೂರಕ್ಕೆ ಒಯ್ಯುತ್ತವೆ. ಆಸ್ಟ್ರೇಲಿಯಾ ಮೊದಲಾದ ಕಡೆಗಳಲ್ಲಿ ಡುರಾಂಟವು ತೋಟದಿಂದ ಕಾಡಿಗೆ ನುಗ್ಗಿ ಕಳೆಯಾಗಿರುವುದು. ಇದೇ ಕುಟುಂಬಕ್ಕೆ ಸೇರಿದ ಲಂಟಾನವು 19ನೆಯ ಶತಮಾನದಲ್ಲಿ ಅಲಂಕಾರಕ್ಕೆಂದು ನಮ್ಮ ದೇಶಕ್ಕೆ ಬಂದು, ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡುಗಳಲ್ಲಿ ಹುಲ್ಲನ್ನೂ ಎಳೆಯ ಮರಗಳನ್ನೂ ಅಡಗಿಸಿರುವುದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ.

ಈ ಎರಡು ಅಪಾಯಗಳಿಗೂ ಪರಿಹಾರ ಒಂದೇ: ಹೂ ಬಾಡುತ್ತಲೇ, ಕಾಯಿ ಕಟ್ಟುವ ಮೊದಲೇ, ಗೊಂಚಲನ್ನು ಕತ್ತರಿಸಿಬಿಡುವುದು. ಇದರಿಂದ ಹೊಸ ಚಿಗುರೊಡೆದು ಮತ್ತೆ ಹೂವೂ ಬರುವುದು. ಇಷ್ಟು ಶ್ರಮವನ್ನು ವಹಿಸಲಾರದವರೂ, ಕಾಡಂಚಿನ ಗ್ರಾಮಗಳ ಜಮೀನುದಾರರೂ ಈ ಗಿಡವನ್ನು ನೆಡದಿರುವುದೇ ಲೇಸು. ಗ್ರಾಮದ ಮುಖಂಡರು ಈ ಸಂಗತಿಯನ್ನು ತಮ್ಮ ಊರಿನವರಿಗೆ ತಿಳಿಯಪಡಿಸಬೇಕಾಗಿ ಕೋರಲಾಗಿದೆ.